ದೊಡ್ಡ ಪರದೆಯಲ್ಲಿ ನಿಡೋಣಿಯ ಮನೆ

ನವೆಂಬರ್ ೧೨, ಮಂಗಳವಾರ. ತಿಕೋಟಾ.

ಲ್ಯಾಪ್‌ಟಾಪಿನ ಪರದೆ ಒಡೆದು ಇಂದಿಗೆ ಮೂರು ದಿನ. ನಾನೊಬ್ಬಳೇ ಬರೆದ ಮೊದಲ ಮನೆ ನಕ್ಷೆ, ನಿಡೋಣಿ ಊರಿನದು, ಅದರೊಳಗೇ ಸಿಕ್ಕಿಕೊಂಡಿತ್ತು. ನಾಳೆ ಬೆಳಿಗ್ಗೆಯೊಳಗೆ ವಿಜಯಪುರದ ಇಂಜಿನಿಯರ್‌ಗೆ ಕಳಿಸಲೇಬೇಕು.

ಸಂಜೆ ನನ್ನ ಅಣ್ಣ ಧರ್ಮರಾಜ ಬಬಲೇಶ್ವರದ ತನ್ನ ಝೆರಾಕ್ಸ್ ಅಂಗಡಿಯ ಮಾನಿಟರನ್ನು ಕೌದಿಯಲ್ಲಿ ಸುತ್ತಿ ಬೈಕಿನ ಮೇಲೆ ತಂದ. ಕೇಬಲ್ ಹಾಕಿದರೆ ಬರೀ ನೀಲಿ ಬಯಲು. ಫೈಲುಗಳೆಲ್ಲ ಒಡೆದ ಪರದೆಯ ಕಡೆಗೇ ಉಳಿದಿದ್ದವು. ಏನೂ ಕಾಣದೆ, ಅವನ್ನು ಮಾನಿಟರಿಗೆ ತರುವ ಕೀಗಳನ್ನು ಅಂದಾಜಿನ ಮೇಲೆ ಒತ್ತುತ್ತ ಹೋದೆ. ಒಮ್ಮೆಲೇ ಇಡೀ ನಕ್ಷೆ ಕಣ್ಣೆದುರು ಅಗಲವಾಗಿ ಬಂತು! ನಾನು ಕೂಗಿದ್ದಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದಳು.

ಮೂವತ್ತು ವರ್ಷ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು. ಸಣ್ಣ ಪರದೆಯ ಗೆರೆಗಳು ಅವಳ ಕಣ್ಣಿಗೆ ಹತ್ತುತ್ತಿರಲಿಲ್ಲ. ನನ್ನ ಕೆಲಸವನ್ನು ಅವಳು ಸರಿಯಾಗಿ ಕಂಡಿದ್ದು ಇವತ್ತೇ. ಹಿಟ್ಟಿನ ಬೆರಳು ಪರದೆಗೆ ತಾಗದಂತೆ ಕೋಣೆಯಿಂದ ಕೋಣೆಗೆ ಸಾಗಿ, ಒಂದೆಡೆ ನಿಂತಳು.

"ಇದು ಬಾಗಿಲಾ ಹೌದಿಲ್ಲೊ? ತಗದ್ರ ಮೆಟ್ಟಲಿಗಿ ಬಡಿತೈತಲ್ಲಬೇ!"

ಹೌದು! ಹತ್ತು ಸಲ ನೋಡಿಯೂ ನನಗೆ ಕಂಡಿರಲಿಲ್ಲ. ಬಾಗಿಲು ಇನ್ನೊಂದು ಕಡೆ ತೆರೆಯುವಂತೆ ತಿದ್ದಿದೆ.

"ಹಾಂ, ಈಗ ಚಲೋ ಆತು. ಇನ್ನ ಕಳಸು," ಎಂದಳು, ಮೇಸ್ತ್ರಿಯ ಗತ್ತಿನಲ್ಲಿ.

ಅಣ್ಣ ಕೆಮ್ಮು ಬರುವಷ್ಟು ನಕ್ಕ. ಕಳಿಸಿದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತ್ತು, ಅದನ್ನೂ ಖುಷಿಯಿಂದಲೇ ತಿಂದೆವು.

ಊಟವಾದರೂ ಅವ್ವ ಮಾನಿಟರಿನ ಮುಂದಿನಿಂದ ಎದ್ದಿಲ್ಲ. "ವಿಶಾಖಾ, ಮತ್ತೊಂದ್ ಮನಿ ತೋರ್ಸವಾ," ಎಂದು ಕರೆಯುತ್ತಿದ್ದಾಳೆ. ಬರೆಯುವುದು ಸಾಕು, ಹೋಗಿ ತೋರಿಸಬೇಕು.