ಪೆಟ್ರೋಲ್ ಗಾಡಿಯೇ ಸಾಕು

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಹಳೆಯ ಉದ್ದನೆಯ ಕಾರಿನ ಬದಲಿಗೆ ಎಸ್‌ಯುವಿ ನೋಡಿಬಂದೆವು. ಎತ್ತರವಿದೆ, ಅತ್ತೆಗೆ ಮಂಡಿ ಮಡಚುವ ಕಷ್ಟವಿಲ್ಲ. "ಅಟ್ಟದ ಮೇಲೆ ಕೂತ ಹಾಗಿದೆ ಕಣೇ" ಎಂದು ನಕ್ಕರು.

"ತಿಂಗಳಿಗೆ ಎಷ್ಟು ಓಡಿಸ್ತೀರಾ ಮೇಡಂ? ಜಾಸ್ತಿ ಓಡಿಸೋದಾದ್ರೆ ಡೀಸೆಲ್ ತಗೊಳ್ಳಿ" ಎಂದ ಶೋರೂಮಿನವನು. ನಾನು ವಾರವಾರವೂ ಆಸ್ಪತ್ರೆಗೆ ಹೋಗಿಬರುವ ದೂರವನ್ನೇ ಲೆಕ್ಕ ಹಾಕಿ ಹೇಳಿಬಿಟ್ಟೆ.

"ಇನ್ನು ಯಾರನ್ನ ಕರ್ಕೊಂಡು ಹೋಗ್ಬೇಕಮ್ಮಾ ಅಲ್ಲಿಗೆ?" ಎಂದಳು ಮಗಳು.

ಪೆಟ್ರೋಲ್ ಗಾಡಿಗೇ ಒಪ್ಪಿ ಬಂದೆವು.

ಭಾನುವಾರ ಹಳೆಯದನ್ನು ಒಯ್ಯಲು ಬರುತ್ತಾರೆ. ಹಿಂದಿನ ಸೀಟು ಮಡಚಿ ನಿಮ್ಮಣ್ಣನಿಗೆ ಹಾಸಿದ್ದ ಹಾಸಿಗೆ ಇನ್ನೂ ಅದರೊಳಗಿದೆ. ತೆಗೆಯಲು ಹೋಗಿ ಎರಡು ಸಲ ಬಾಗಿಲು ಮುಚ್ಚಿ ಬಂದೆ. ಶನಿವಾರವೇ ಬಂದು ನೀನು ತೆಗೆ. ಹಾಸಿಗೆಯನ್ನು ಬೇಕಾದವರಿಗೆ ಕೊಟ್ಟುಬಿಡು. ದಿಂಬನ್ನು ಮಾತ್ರ ಒಗೆಯಲು ಹಾಕಬೇಡ, ಹಾಗೇ ನನ್ನ ಕೈಗೆ ಕೊಡು.

ನಿನ್ನ ಅತ್ತಿಗೆ