ಚೈನ್ ಕವರಿನ ಮೇಲಿನ ಹೆಸರು

ಕಡೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಸ್ಫೂರ್ತಿ,

ಅಜ್ಜಿಯ ಸೈಕಲ್ ಏನಾಯಿತೆಂದು ಮೈಸೂರಿನಿಂದ ನೀನು ಮೆಸೇಜಿನ ಮೇಲೆ ಮೆಸೇಜ್ ಮಾಡಿದೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಈ ಕಾಗದ. ಸೈಕಲ್ ಮಾರಾಟವಾಗಲಿಲ್ಲ. ಆದರೂ ನಿನ್ನ ಅಜ್ಜಿಯ ಉಪಕಾರವನ್ನು ನಮ್ಮ ಮನೆ ಮರೆಯುವುದಿಲ್ಲ.

ನಮ್ಮ ಸೈಕಲ್ ರಿಪೇರಿ ಅಂಗಡಿಯ ಸ್ಥಿತಿ ನೀನು ನೋಡಿದ್ದೀಯ. ಗೇರ್ ಸೈಕಲ್ಲಿನ ಹುಡುಗರು ಬರುವುದು ಗಾಳಿ ಹೊಡೆಸಲು ಮಾತ್ರ. ಈ ವರ್ಷವೇ ಬಾಗಿಲು ಹಾಕಬೇಕೆಂದು ಅಬ್ಬಾ ನಿರ್ಧರಿಸಿದ್ದರು. ಆಗ ನೀನು ತರೀಕೆರೆಯ ಮಹೇಂದ್ರ ಅವರನ್ನು ಹುಡುಕಿಕೊಟ್ಟೆ. ಹಳೆಯ ಸೈಕಲ್‌ಗಳನ್ನು ಕೊಂಡು ಕೂಡಿಡುವ ಅವರು, ನಿನ್ನ ತಾತನ ಹಸಿರು ಸೈಕಲ್ಲಿನ ಫೋಟೋ ನೋಡಿಯೇ ಒಪ್ಪಿದರು. ಅದನ್ನು ಚೆನ್ನಾಗಿ ರಿಪೇರಿ ಮಾಡಿಕೊಟ್ಟರೆ ತಮ್ಮಲ್ಲಿರುವ ಎಲ್ಲ ಸೈಕಲ್‌ಗಳ ಕೆಲಸವೂ ಅಬ್ಬಾಗೇ ಎಂದರು. ಅಬ್ಬಾ ಮತ್ತೆ ಬೆಳಗಿನ ನಮಾಜ್ ಮುಗಿಸಿ ನೇರ ಅಂಗಡಿಗೆ ಹೋಗತೊಡಗಿದರು.

ಆದರೆ ನಮ್ಮಲ್ಲಿ ಅಬ್ಬಾನ ತಂದೆ, ನಮ್ಮ ದಾದಾರ ಕಾಲದ ಒಂದು ಪದ್ಧತಿ ಇದೆ. ಹೊಸ ಬಣ್ಣ ಹೊಡೆಯದೆ, ಚೈನ್ ಕವರಿನ ಮೇಲೆ ಯಜಮಾನನ ಹೆಸರು ಬರೆಯದೆ, ರಿಪೇರಿಯಾದ ಸೈಕಲ್ಲನ್ನು ಹೊರಗೆ ಕಳಿಸುವಂತಿಲ್ಲ. ಮಹೇಂದ್ರ ಬಂದ ದಿನ ಸೈಕಲ್ ಮದುಮಗನ ಹಾಗೆ ಹೊಳೆಯುತ್ತ ನಿಂತಿತ್ತು. ಕವರಿನ ಮೇಲೆ ಹಳದಿ ಅಕ್ಷರಗಳು: ತಮ್ಮಯ್ಯ, ಪಂಚನಹಳ್ಳಿ.

"ಏನ್ ಮಾಡ್ಬಿಟ್ರಿ ದಾವೂದ್ ಸಾಬ್ರೇ! ಆ ಹಳೇ ಬಣ್ಣಕ್ಕೇ ಕಣ್ರೀ ನಾನು ಆಸೆಪಟ್ಟಿದ್ದು!" ಎಂದರು ಮಹೇಂದ್ರ.

"ತುಕ್ಕು ಹಿಡ್ದಿದ್ದನ್ನ ಹೆಂಗ್ ಸ್ವಾಮಿ ಕೊಡಾದು? ಮರ್ಯಾದೆ ಬ್ಯಾಡ್ವಾ?" ಎಂದರು ಅಬ್ಬಾ.

ಮಹೇಂದ್ರ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಇದನ್ನ ಇನ್ಯಾರೂ ಕೊಳ್ಳಲ್ಲ. ಅಷ್ಟಕ್ಕೂ ಕೊಳ್ಳೋರು ಯಾರಿದಾರೆ? ನನ್ ವಯಸ್ಸಿನೋರೇ. ಚಿಕ್ಕೋರಿದ್ದಾಗ ಇದು ಸಿಗದೆ ಅತ್ತೋರು. ನನ್ ಮಗಳಂತೂ, ಇವನ್ನೆಲ್ಲ ಧೂಳು ಒರೆಸೋದ್ಯಾರು ಅಪ್ಪಾ ಅಂತಾಳೆ. ನಾವು ಹೋದ್ಮೇಲೆ ಎಲ್ಲ ಗುಜರಿಗೇ."

ಅಷ್ಟರಲ್ಲಿ ಮಾರಾಟಕ್ಕೆಂದು ನಿನ್ನ ಅಜ್ಜಿ ಬಸ್ಸಿಳಿದು ಬಂದರು. ಅಬ್ಬಾ ತಲೆ ತಗ್ಗಿಸಿಕೊಂಡೇ ನಡೆದದ್ದನ್ನು ಹೇಳಿದರು. ಅಜ್ಜಿ ಕನ್ನಡಕ ಒರೆಸಿಕೊಂಡು ಹೆಸರು ಓದಿದರು, ಅದರ ಮೇಲೆ ಬೆರಳಾಡಿಸಿದರು.

"ಬದುಕಿದ್ದಾಗ್ಲೂ ಈ ಕಳೆ ಇರ್ನಿಲ್ಲ ನೋಡು ನಮ್ಮೆಜಮಾನ್ರಿಗೆ!" ಎಂದು ನಕ್ಕರು. ನಗುತ್ತಿದ್ದಂತೆಯೇ ಕಣ್ಣು ತುಂಬಿತು. "ಹೆಸ್ರು ಹಾಕ್ಸ್ಕಂಡು ನಿಂತವ್ರೆ. ಹೆಂಗಪ್ಪಾ ಮಾರ್ಲಿ?" ಗೂಡ್ಸ್ ಆಟೋ ತರಿಸಿದರು. ಹತ್ತಿಸುವಾಗ, "ನಡೀರಿ, ಮನೆಗೋಗಣ" ಎಂದು ಸೈಕಲ್ಲಿಗೇ ಹೇಳಿದರು.

ಮಹೇಂದ್ರ ಬರಿಗೈಯಲ್ಲಿ ಹೋದರು. ಅಬ್ಬಾ ಆ ದಿನ ಊಟ ಮಾಡಲಿಲ್ಲ.

ಮುಂದಿನ ವಾರ ನಿಮ್ಮೂರಿನ ಬೃಂದಾ ಎಂಬ ಕಾಲೇಜು ಹುಡುಗಿ ಬಂದಳು. ಅಜ್ಜಿ ಸೈಕಲ್ಲನ್ನು ಜಗಲಿಯ ಮೇಲೆ ನಿಲ್ಲಿಸಿ ಹೋಗಿಬರುವವರನ್ನೆಲ್ಲ ಕರೆದು ತೋರಿಸುತ್ತಿದ್ದಾರಂತೆ. "ನಮ್ ತಾತಂದೂ ಅಟ್ಟದ ಮೇಲೈತೆ. ಹೆಸ್ರು ಬರ್ಕೊಡಿ, ನಾನೇ ತುಳೀತೀನಿ" ಎಂದಳು. ಆಮೇಲೆ ಎಮ್ಮೆದೊಡ್ಡಿಯಿಂದ ಬಂದರು, ಅಜ್ಜಂಪುರದಿಂದ ಬಂದರು. ಯಾವ ಕಂಪನಿ, ಯಾವ ಇಸವಿ ಎಂದು ಈ ಮೊಮ್ಮಕ್ಕಳು ಕೇಳುವುದೇ ಇಲ್ಲ. ತಾತನ ಹೆಸರು ಇರಬೇಕು, ಹ್ಯಾಂಡಲ್ಲಿಗೆ ಮೊಬೈಲ್ ಸ್ಟ್ಯಾಂಡೂ ಇರಬೇಕು! ಕಳೆದ ಭಾನುವಾರ ಮಹೇಂದ್ರ ಅವರೇ ತಮ್ಮ ತಂದೆಯ ಸೈಕಲ್ ತಂದರು. ತನಗೆ ಬೇಕೆಂದು ಮಗಳೇ ಕೇಳಿದಳಂತೆ. "ಬಣ್ಣ ಮುಟ್ಬೇಡಿ ಸಾಬ್ರೇ, ಹೆಸ್ರು ಮಾತ್ರ" ಎಂದು ಕೈಮುಗಿದರು.

ಬಾಗಿಲು ಹಾಕುವ ಮಾತನ್ನು ಅಬ್ಬಾ ಈಗ ಎತ್ತುವುದಿಲ್ಲ. ಅಜ್ಜಿಯ ಎದುರು ನಿಂತು ಇದನ್ನೆಲ್ಲ ಹೇಳುವ ಧೈರ್ಯ ನನಗಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ನೀನೇ ಅವರಿಗೆ ಓದಿ ಹೇಳು.

ನಿನ್ನ
ಅತೀಯಾ

ಇದೊಂದನ್ನು ಮಾತ್ರ ಅಜ್ಜಿಗೆ ಓದಬೇಡ: ಅಬ್ಬಾನ ಕೈ ನಡುಗತೊಡಗಿದೆ. ತಮ್ಮಯ್ಯತಾತನ ಹೆಸರೇ ಅವರು ಬರೆದ ಕೊನೆಯದು. ಆಮೇಲಿನದೆಲ್ಲ ನನ್ನ ಅಕ್ಷರ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು ಒಂದು ಸೈಕಲ್ಲಿನ ಪಕ್ಕ ಬಗ್ಗಿ ನಾನು ಬರೆದ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರು ಓದಿ ಮುಗಿಸುವವರೆಗೂ ಕೇಳುತ್ತ ನಿಂತೆ. ನನ್ನ ಬಸ್ಸು ಹೊರಟುಹೋಯಿತು.