ಓರ್ಪಾಳ ಅತಿಥಿ

ಮುಂತಿಲಾನ್
ಭಾನುವಾರ, ೨೧ ಮೇ ೨೦೧೭

ಪ್ರೀತಿಯ ಮಿನಾ,

ನಿನ್ನ ಮಂಡಿನೋವು ಇಳಿದಿದೆ, ನಿಮ್ಮ ತಿಮೋರಿನ ಸೋಎಯಲ್ಲಿ ಗಾಳಿ ತಣ್ಣಗಾಗಿದೆ, ಅಮ್ಮ ಮತ್ತೆ ಅಂಗಳದಲ್ಲಿ ಕೂತು ಮಗ್ಗ ಹಾಕಿದ್ದಾರೆ ಎಂದುಕೊಂಡು ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ಬಂದ ನಿನ್ನ ಪತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಜೊತೆಗೆ ಕಳಿಸಿದ್ದ ಕುಟ್ಟಿದ ಮುಸುಕಿನ ಜೋಳ ಮುಗಿದು, ಡಬ್ಬ ತೊಳೆದಿಟ್ಟು ತಿಂಗಳ ಮೇಲಾಯಿತು. ಪರೀಕ್ಷೆ, ಅಂಕಪಟ್ಟಿ, ಇಲಾಖೆಯವರ ಭೇಟಿ ಎಂದು ನೆಪ ಹೇಳಬಹುದು. ಆದರೆ ಮೂರು ಸಲ ಈ ಪತ್ರ ಶುರು ಮಾಡಿ ಮೂರು ಸಲವೂ ಹರಿದಿದ್ದೇನೆ. ತಡವಾದದ್ದು ಅದಕ್ಕೆ. ಫೋನಿನಲ್ಲಿ ಹೇಳುವ ಧೈರ್ಯವಂತೂ ಇರಲೇ ಇಲ್ಲ.

ಈ ಅವಧಿ ಮುಗಿದ ಕೂಡಲೇ ಓರ್ಪಾ ಊರಿಗೆ ಹೊರಡುತ್ತಾಳೆ. ಮತ್ತೆ ಬರುವುದಿಲ್ಲವಂತೆ. ಇಲ್ಲಿಯ ಹವೆ ಒಗ್ಗಲಿಲ್ಲ ಎಂದು ನಿನಗೆ ಬರೆದಿದ್ದಾಳಂತೆ. ಹವೆಯ ಮೇಲೆ ಹಾಕಿದ್ದು ಅವಳ ಒಳ್ಳೆಯತನ. ಅವಳನ್ನು ಹೇಗಾದರೂ ಇನ್ನೊಂದು ವರ್ಷ ಇಲ್ಲಿ ಉಳಿಸಿಕೊಳ್ಳಬೇಕು ಮಿನಾ. ಅದು ನಿನ್ನ ಮಾತಿನಿಂದ ಮಾತ್ರ ಆಗುವ ಕೆಲಸ. ಅದಕ್ಕೇ ನಡೆದದ್ದು ನಿನಗೆ ಗೊತ್ತಿರಬೇಕು.

ಎರಡು ವರ್ಷದ ಹಿಂದೆ ಅವಳನ್ನು ನಮ್ಮ ಶಾಲೆಗೆ ಕರೆತಂದಾಗ ನೀನು ಹೇಳಿದ್ದು ನೆನಪಿದೆಯೇ? "ಇಪ್ಪತ್ನಾಲ್ಕು ವರ್ಷ ಪಾಠ ಮಾಡಿದ್ದೀನಿ ಪಾಲುಪಿ, ಇಂಥ ಕಿವಿ ಇರೋ ಹುಡುಗಿ ಇವಳೊಬ್ಳೇ. ನನ್ನ ಹತ್ರ ಇದ್ರೆ ಇಷ್ಟಕ್ಕೇ ನಿಂತ್ಬಿಡ್ತಾಳೆ. ನಿನ್ನ ಹತ್ರ ಇದ್ರೆ ಕೆಡೋದಿಲ್ಲ." ಆಮೇಲೆ ನೀನು ಓರ್ಪಾಳ ಕಡೆ ತಿರುಗಿ, ನಾವು ಓದುವಾಗ ಹಾಸ್ಟೆಲಿನ ಮೊದಲ ವಾರ, ತಿಮೋರಿನ ಕಪ್ಪು ಹುಡುಗಿಯಾದ ನಿನ್ನ ಪಕ್ಕದ ಹಾಸಿಗೆ ಬೇಡವೆಂದವರ ಜೊತೆ ನಾನು ಜಗಳವಾಡಿ ಆ ಹಾಸಿಗೆಗೆ ಬಂದ ಕತೆಯನ್ನು ಹೇಳಿದೆ. ಅದನ್ನು ನೀನು ಎಷ್ಟು ಸಲ ಹೇಳಿದ್ದೀಯೋ! ಪ್ರತಿ ಸಲವೂ ನಾನು ಸ್ವಲ್ಪ ಎತ್ತರವಾಗುತ್ತೇನೆ.

ನಮ್ಮ ಶಾಲೆಯ 'ಬೇಟೆ' ನಿನಗೆ ಗೊತ್ತು. ವರ್ಷಕ್ಕೊಮ್ಮೆ ಎರಡನೇ ವರ್ಷದ ಮಕ್ಕಳನ್ನು ಬಸ್ಸಿಗೆ ತುಂಬಿ ಬೊರೊಬುದುರಿನ ಸ್ತೂಪಕ್ಕೆ ಒಯ್ದು, ಕೈಗೆ ಏಳು ಪ್ರಶ್ನೆಗಳ ಹಾಳೆ ಕೊಟ್ಟು, ಇಂಗ್ಲಿಷ್ ಮಾತಾಡುವ ಪರದೇಶದವರನ್ನು ಹುಡುಕಿಕೊಂಡು ಬನ್ನಿ ಎಂದು ಬಿಡುವುದು. ಹೆಸರೇನು, ಯಾವ ದೇಶ, ನಮ್ಮ ಊಟ ಇಷ್ಟವೇ. ಇಪ್ಪತ್ತು ವರ್ಷದಿಂದ ಅವೇ ಏಳು ಪ್ರಶ್ನೆ. ಸಂದರ್ಶನದ ಧ್ವನಿಮುದ್ರಣ ತರಬೇಕು, ಅದಕ್ಕಿಂತ ಮುಖ್ಯವಾಗಿ ಫೋಟೋ ತರಬೇಕು. ಧ್ವನಿಯನ್ನು ಯಾರೂ ಕೇಳುವುದಿಲ್ಲ. ಫೋಟೋವನ್ನು ಎಲ್ಲರೂ ನೋಡುತ್ತಾರೆ.

ಈ ಸಲ ಆರೇಳು ಶಾಲೆಗಳು ಒಂದೇ ದಿನ ಬಂದಿದ್ದವು. ಬಿಳಿಯರು ಮಕ್ಕಳನ್ನು ಕಂಡು ಕಲ್ಲಿನ ಗೋಡೆಗಳ ಹಿಂದೆ ಅವಿತುಕೊಳ್ಳುತ್ತಿದ್ದರು. ಒಬ್ಬ ಮುದುಕ ಮಾತ್ರ ಓಡಲಾರದೆ ಸಿಕ್ಕಿಬಿದ್ದ. ಕೆಂಪಗೆ ಬೆಂದ ಮುಖ, ಕೈಯಲ್ಲಿ ಊರುಗೋಲು. ಅವನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ.

"ನಿಮ್ಮ ಹೆಸರೇನು ಸರ್?"

"ಯೆಸ್."

"ಯಾವ ದೇಶ ಸರ್?"

"ಯೆಸ್, ಯೆಸ್."

ನಮ್ಮ ಹನ್ನೊಂದು ಗುಂಪುಗಳು ಅವನ ಹೆಗಲಿಗೆ ಕೈಹಾಕಿ ಫೋಟೋ ತೆಗೆಸಿಕೊಂಡವು. ಹನ್ನೊಂದು ವರದಿಗಳಲ್ಲೂ ಅವನ ಹೆಸರು ಜಾನ್, ದೇಶ ಇಂಗ್ಲೆಂಡ್, ಇಷ್ಟದ ಊಟ ಹುರಿದನ್ನ. ಒಂದನ್ನು ನೋಡಿ ಇನ್ನೊಂದು ಬರೆದದ್ದು. ಹನ್ನೊಂದಕ್ಕೂ ನಾನು ಎಂಬತ್ತೈದು ಅಂಕ ಹಾಕಿದೆ. ಕಡಿಮೆ ಹಾಕಿದರೆ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಮುಜುಗರ. ಕವಿತೆ ಓದಿ ಬೆಳೆದವಳ ಈ ಕೈ ಅಂಥ ಅಂಕವನ್ನು ಈಗ ತಾನಾಗಿಯೇ ಬರೆಯುತ್ತದೆ.

ಓರ್ಪಾಳ ಗುಂಪಿನ ಇಬ್ಬರು ಅವಳನ್ನು ಬಿಟ್ಟು ಆ ಮುದುಕನ ಹಿಂದೆ ಹೋದರು. ಅವಳು ಒಬ್ಬಳೇ ಕೆಳಗಿನ ಹುಲ್ಲಿನ ಮೇಲೆ, ಮರದ ನೆರಳಲ್ಲಿ ಕೂತಿದ್ದ ಹೆಂಗಸಿನ ಹತ್ತಿರ ಹೋದಳು. ನಕಾಟೊ ಎಂದು ಹೆಸರು. ಉಗಾಂಡದವಳು, ಶಾಲಾ ಶಿಕ್ಷಕಿ. ಪಕ್ಕದ ಜೋಗ್ಜಾ ನಗರದಲ್ಲಿ ಏನೋ ಸಮ್ಮೇಳನಕ್ಕೆ ಬಂದಿದ್ದವಳು. ನನ್ನ ವಯಸ್ಸಿನವಳೇ ಇರಬೇಕು. ಪ್ರಶ್ನೆಯ ಹಾಳೆ ನೋಡಿ ನಕ್ಕು, ಅದನ್ನು ಮಡಿಸಿ ಪಕ್ಕಕ್ಕಿಟ್ಟು, "ಮೊದಲು ನಿನ್ನ ವಿಷಯ ಹೇಳು" ಎಂದಳಂತೆ.

ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ದಾರೆ ಮಿನಾ. ಅದರ ಮೆಮೊರಿ ಕಾರ್ಡನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪೂರ್ತಿ ಕೇಳಲು ಪುರುಸೊತ್ತಿಲ್ಲದಿದ್ದರೆ ಮೊದಲ ಹತ್ತು ನಿಮಿಷ ಸಾಕು. ಎರಡೂ ಊರುಗಳಲ್ಲಿ ಜೋಳ ಕುಟ್ಟುವ ರೀತಿ, ಸತ್ತವರನ್ನು ಎಷ್ಟು ದಿನ ಮನೆಯಲ್ಲಿಡುತ್ತಾರೆ, ಮಳೆ ಬಾರದ ವರ್ಷ ಶಾಲೆಯಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ, ಎಲ್ಲ ಬರುತ್ತದೆ. ಓರ್ಪಾಗೆ ಪದ ಸಿಗದಿದ್ದಾಗ ಅವಳು ನಿಲ್ಲುವುದಿಲ್ಲ, ಸುತ್ತುಬಳಸಿ ಹೇಗೋ ದಾಟುತ್ತಾಳೆ. ನಡುವೆ ಆ ಹೆಂಗಸು ಚೀಲದಿಂದ ಬಾಚಣಿಗೆ ತೆಗೆದು ಅವಳ ತಲೆ ಹೆಣೆಯುತ್ತಾಳೆ. ಇಲ್ಲಿ ಎರಡು ವರ್ಷದಿಂದ ಗಿಲಾಂಗ್ ಎಂಬ ಹುಡುಗ 'ನೂಡಲ್ಸ್ ತಲೆ' ಎಂದು ಕರೆದು ನಗುತ್ತಿದ್ದ ಕೂದಲು ಅದು. "ಎಷ್ಟು ಚೆಂದದ ಕೂದಲು, ಯಾಕೆ ಹೀಗೆ ಬಿಗಿದು ಕಟ್ಟಿದ್ದೀಯ?" ಎಂದು ಆಕೆ ಕೇಳುತ್ತಾಳೆ. ಆಮೇಲೆ ಬಾಚಣಿಗೆಯ ಸದ್ದು.

ಆ ಹೊತ್ತಿನಲ್ಲಿ ನಾನು ಬಸ್ಸಿನ ಹತ್ತಿರ ಮಕ್ಕಳ ತಲೆ ಎಣಿಸುತ್ತಿದ್ದೆ.

ಬಸ್ಸು ಹತ್ತಿದ ಮೇಲೆ ಗಿಲಾಂಗ್ ಸುಮ್ಮನಿರಲಿಲ್ಲ. "ಓರ್ಪಾ, ನಿಮ್ಮ ಚಿಕ್ಕಮ್ಮ ಯಾವ ಹಡಗಲ್ಲಿ ಬಂದ್ರು? ನಮಗೇನೂ ತಿಂಡಿ ತಂದಿಲ್ವಾ?" ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ತಲೆಯ ಮೇಲಿನ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಒಳ್ಳೆಯ ಸಂದರ್ಶನಕ್ಕೆ ಎರಡು ಬಹುಮಾನ: ಸೆಮಾರಾಂಗಿನ ಭಾಷಣ ಸ್ಪರ್ಧೆಗೆ ಹೋಗುವ ಅವಕಾಶ, ಮತ್ತು ಶಾಲೆಯ ಗೇಟಿನ ಬ್ಯಾನರಿನಲ್ಲಿ ಫೋಟೋ. ನಾನು ಓರ್ಪಾಳ ಹೆಸರು ಬರೆದು ಹೆಡ್‌ಮಾಸ್ಟರ್ ಸುಹರ್ಜೊನೊ ಅವರ ಮುಂದಿಟ್ಟೆ. ಅವರು ಫೋಟೋ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಯಾರು ಮೇಡಂ ಇವರು?"

"ಉಗಾಂಡದ ಟೀಚರ್ ಸರ್. ಅವರ ಶಾಲೆಯಲ್ಲಿ ಪಾಠವೆಲ್ಲಾ ಇಂಗ್ಲಿಷಲ್ಲೇ."

"ಅದೆಲ್ಲಾ ಸರಿ. ನೋಡಿದವ್ರಿಗೆ ಏನನ್ಸುತ್ತೆ ಹೇಳಿ? ಓರ್ಪಾ ಊರಿಂದ ಯಾರೋ ನೆಂಟ್ರು ಬಂದಿದ್ರು, ಜೊತೇಲಿ ನಿಂತು ಫೋಟೋ ತೆಗೆಸ್ಕೊಂಡ್ಳು ಅನ್ಸುತ್ತೆ. ಜೂನಲ್ಲಿ ಅಡ್ಮಿಷನ್ನು. ಅಪ್ಪ ಅಮ್ಮಂದಿರು ಮೊದ್ಲು ನೋಡೋದೇ ಬ್ಯಾನರ್‌ನ."

"ರೆಕಾರ್ಡಿಂಗ್ ಕೇಳಿ ಸರ್. ಹತ್ತು ನಿಮಿಷ ಸಾಕು."

"ಬ್ಯಾನರ್‌ಗೆ ಕಿವಿ ಇದ್ಯಾ ಮೇಡಂ?"

ಅವರು ನಕ್ಕರು. ನಾನೂ ನಕ್ಕೆ. ನಮ್ಮ ಜಾವಾದವರ ಆ ನಗು ನಿನಗೆ ಗೊತ್ತಲ್ಲ. ಮೇಲಿನವರು ನಕ್ಕಾಗ ಬಾಗಿದ ತಲೆಯ ಕೆಳಗಿನಿಂದ ಹೊರಡುವ ನಗು. ಹಾಸ್ಟೆಲಿನಲ್ಲಿ ನೀನು ಅದನ್ನು ಅಣಕಿಸಿ ತೋರಿಸುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದ ಆ ಸದ್ದು ನೆನೆದರೆ ಈಗಲೂ ಹೋಗಿ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಆಮೇಲೆ ಓರ್ಪಾಳನ್ನು ಕರೆಸಿದರು. ದನಿ ಏರಿಸಲಿಲ್ಲ. ಬಹಳ ಮೃದುವಾಗಿಯೇ ಕೇಳಿದರು. "ಬುಲೆ ಇರ್ಬೇಕು ಅಂತ ನಿಮ್ಮ ಮಿಸ್ ಹೇಳಿರ್ಲಿಲ್ವಾ ಮಗು?"

ಬುಲೆ ಎಂದರೆ ಬಿಳಿಯ. ಹಾಳೆಯಲ್ಲಿ ಆ ಮಾತು ಎಲ್ಲೂ ಇಲ್ಲ. ಪರದೇಶದವರು ಎಂದಷ್ಟೇ ಇದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು.

"ಹೇಳಿದ್ರು ಸರ್. ನನಗೇ ಸರಿಯಾಗಿ ಅರ್ಥ ಆಗ್ಲಿಲ್ಲ."

ಅರ್ಥವಾಗಲಿಲ್ಲವಂತೆ! ಆ ಕಿವಿಗೆ!

ಈಗ ಗೇಟಿನಲ್ಲಿ ಬ್ಯಾನರ್ ತೂಗುತ್ತಿದೆ. ಗಿಲಾಂಗ್, ಅವನ ಇಬ್ಬರು ಗೆಳೆಯರು, ನಡುವೆ ಊರುಗೋಲಿನ ಮುದುಕ. ಕೆಳಗೆ ದಪ್ಪ ಅಕ್ಷರದಲ್ಲಿ 'ಜಗತ್ತಿನೊಡನೆ ಮಾತನಾಡುವ ನಮ್ಮ ಮಕ್ಕಳು'. ದಿನಾ ಬೆಳಿಗ್ಗೆ ನಾನು ಅದರ ಕೆಳಗೇ ನಡೆದು ಒಳಗೆ ಹೋಗುತ್ತೇನೆ. ಒಂದು ಸತ್ತ ಇಲಿಯನ್ನು ದಾಟಿದ ಹಾಗೆ ಕಾಲು ಎತ್ತಿಡುತ್ತೇನೆ.

ಓರ್ಪಾ ಆ ಹೆಣಿಗೆಯನ್ನು ಒಂಬತ್ತು ದಿನ ಇಟ್ಟುಕೊಂಡಿದ್ದಳು. ಬ್ಯಾನರ್ ಬಂದ ಮರುದಿನ ಬಿಚ್ಚಿ, ತಲೆ ತೊಳೆದು, ಮತ್ತೆ ಬಿಗಿದು ಕಟ್ಟಿಕೊಂಡು ಬಂದಳು. ಅಂದಿನಿಂದ ನನ್ನ ತರಗತಿಯಲ್ಲಿ ಒಂದು ಇಂಗ್ಲಿಷ್ ಮಾತೂ ಆಡಿಲ್ಲ. ಕೇಳಿದ್ದಕ್ಕೆ ಇಂಡೊನೇಷ್ಯನ್ನಿನಲ್ಲಿ ಸರಿಯಾಗಿ, ವಿನಯವಾಗಿ ಉತ್ತರಿಸುತ್ತಾಳೆ. ಯಾಕಮ್ಮಾ ಎಂದು ಕೇಳಿದೆ. "ಊರಲ್ಲಿ ಮಿನಾ ಅಮ್ಮನ ಹತ್ರ ಓದ್ಕೋತೀನಿ ಮಿಸ್. ಅಲ್ಲಿ ಯಾರೂ ಫೋಟೋ ಕೇಳಲ್ಲ" ಎಂದಳು.

ನಾವಿಬ್ಬರೂ ರಂಜದ ಮರದ ಕೆಳಗೆ ಕೂತು ಅರ್ಥವಾಗದ ಇಂಗ್ಲಿಷ್ ಕವಿತೆಗಳನ್ನು ಜೋರಾಗಿ ಓದುತ್ತಿದ್ದ ದಿನಗಳು ನೆನಪಾಗುತ್ತವೆ. ಅರ್ಥ ಆಮೇಲೆ ಬರುತ್ತಿತ್ತು. ಮೊದಲು ಆ ದನಿಯೇ ಮೈಗೆ ತಾಗುತ್ತಿತ್ತು. ಅದನ್ನು ಮಕ್ಕಳಿಗೆ ದಾಟಿಸುತ್ತೇವೆ ಎಂದು ನಂಬಿ ಈ ಕೆಲಸಕ್ಕೆ ಬಂದೆವು. ನೀನು ದಾಟಿಸಿದೆ. ನಾನು ಒಂದು ಮುಖವನ್ನು ಹೇಗೆ ಬೇಟೆಯಾಡಬೇಕೆಂದು ಕಲಿಸಿದೆ.

ಓರ್ಪಾಗೆ ಒಂದು ಮಾತು ಬರೆ. ಇನ್ನೊಂದೇ ವರ್ಷ, ಪಾಲುಪಿ ಮಿಸ್ ನಿನ್ನ ಪರವಾಗಿದ್ದಾರೆ ಎಂದು ಬರೆ. ನಿನ್ನ ಮಾತನ್ನು ಅವಳು ಮೀರುವುದಿಲ್ಲ.

ಅಮ್ಮನ ಕೈಗೆ ನನ್ನ ಮುತ್ತು ಕೊಡು. ಅವರ ಮಗ್ಗದ ನೂಲು ಕಡಿಯದಿರಲಿ, ನಿನ್ನ ತರಗತಿ ಮಕ್ಕಳ ಗಲಾಟೆಯಿಂದ ತುಂಬಿರಲಿ, ನಿನ್ನ ಬಾವಿಯ ನೀರು ಅಕ್ಟೋಬರಿನವರೆಗೂ ಬತ್ತದಿರಲಿ.

ನಿನ್ನ ಪಕ್ಕದ ಹಾಸಿಗೆಯವಳು,
ಪಾಲುಪಿ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಮಿನಾ, ನಾನು ಬಸ್ಸಿನ ಹತ್ತಿರ ಇರಲಿಲ್ಲ. ಮೊದಲ ಹತ್ತು ನಿಮಿಷ ಸಾಕು ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಕೊನೆಯ ನಿಮಿಷವನ್ನು ಕೇಳು. ಓರ್ಪಾ ಆ ಹೆಂಗಸಿನ ಕೈ ಹಿಡಿದು ನನ್ನ ಹತ್ತಿರ ಓಡಿ ಬಂದು, "ಮಿಸ್, ಇವರು ನನ್ನ ಅತಿಥಿ" ಎನ್ನುತ್ತಾಳೆ. ಫೋನಿನಲ್ಲಿ ಧ್ವನಿಮುದ್ರಣ ಇನ್ನೂ ನಡೆಯುತ್ತಿದೆ. ಆಮೇಲೆ ಒಂದು ಹೆಣ್ಣು ದನಿ ನಮ್ಮ ಭಾಷೆಯಲ್ಲಿ, ತುಟಿಯ ಮೇಲೆ ನಗು ಇಟ್ಟುಕೊಂಡೇ ಹೇಳುತ್ತದೆ: "ಅಯ್ಯೋ ಓರ್ಪಾ, ಬೇರೆ ಯಾರೂ ಸಿಗ್ಲಿಲ್ವಾ? ಇನ್ನೂ ಅರ್ಧ ಗಂಟೆ ಇದೆ, ಓಡು, ಒಬ್ರು ನಿಜವಾದವ್ರನ್ನ ಹುಡ್ಕು." ಆ ದನಿ ನಿನಗೆ ಪರಿಚಯದ್ದೇ. ಹೆಡ್‌ಮಾಸ್ಟರು ಆ ಫೋಟೋ ನೋಡುವುದಕ್ಕೆ ಒಂದು ವಾರ ಮೊದಲೇ ಓರ್ಪಾ ಇದನ್ನು ಕೇಳಿಯಾಗಿತ್ತು. ಅವಳು ಅದನ್ನು ಅಳಿಸದೆಯೇ ನನ್ನ ಕೈಗೆ ಕೊಟ್ಟಳು. ನಾನೂ ಅಳಿಸಿಲ್ಲ. ಅವಳನ್ನು ಇಲ್ಲಿಗೆ ವಾಪಸು ಕಳಿಸುವುದೋ ಬೇಡವೋ ಎಂದು ಅದನ್ನು ಕೇಳಿದ ಮೇಲೆ ತೀರ್ಮಾನ ಮಾಡು.

ಅಲ್ಲಿಗೇ ಮುಗಿಯುವುದಿಲ್ಲ. "ನಿಮ್ಮ ಟೀಚರ್ ಏನು ಹೇಳಿದರು?" ಎಂದು ನಕಾಟೊ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಓರ್ಪಾ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ನಾನು ಯಾವತ್ತೂ ಕಲಿಸದಷ್ಟು ಚೆಂದದ ಇಂಗ್ಲಿಷಿನಲ್ಲಿ ಹೇಳುತ್ತಾಳೆ: "ನನ್ನ ಜೊತೆ ಇಷ್ಟು ಹೊತ್ತು ಕೂತಿದ್ದಕ್ಕೆ ನಿಮಗೆ ಧನ್ಯವಾದ ಹೇಳುತ್ತಿದ್ದಾರೆ."